ಕೆಳಗಿನ ಸುತ್ತಿನ ಕೊಂಬೆ

೧೯೬೦ ನವೆಂಬರ್ ೨೭, ಭಾನುವಾರ

ಅಲ್ವೀನೆ, ಹೇಗಿದ್ದೀಯೆ ತಂಗಿ? ಈ ಚಳಿಗೆ ನಿನ್ನ ಮಂಡಿ ಏನನ್ನುತ್ತದೆ? ಓಸ್ವಾಲ್ಡನ ಕೆಮ್ಮು ಇಳಿಯಿತೆ, ಅಥವಾ ಇನ್ನೂ ಆ ಹಾಳು ಪೈಪು ಸೇದುತ್ತಲೇ ಇದ್ದಾನೆಯೆ? ರೂತ್ ಬಾಣಂತಿತನ ಮುಗಿಸಿ ಎದ್ದಳೆ, ಕೂಸು ಚೆನ್ನಾಗಿ ಹಾಲು ಕುಡಿಯುತ್ತಿದೆಯೆ? ಚಿಕ್ಕ ಹಾನ್ನೆಸ್‌ಗೆ ಕಣ್ಣಿನದೇನೋ ತೊಂದರೆ ಎಂದು ಬರೆದಿದ್ದೆಯಲ್ಲ, ಕನ್ನಡಕ ಹಾಕಿಸಿದಿರಾ?

ಇದು ಅಂಚೆಗೆ ಹೋಗುವ ಕಾಗದವಲ್ಲ. ಸ್ವೀಡನ್ನಿಗೆ ಹೋಗುವ ಕಾಗದ ನಿನ್ನ ಕೈ ಸೇರುವ ಮೊದಲು ಯಾರ್ಯಾರ ಕಣ್ಣು ದಾಟುತ್ತದೆಯೋ. ಅದರಲ್ಲಿ ನಾನು ಹಿಮ, ಆಲೂಗಡ್ಡೆ, ಕರುಗಳ ಸಂಗತಿ ಬರೆಯುತ್ತೇನೆ. ಉಳಿದದ್ದನ್ನು ಮೈಮು ಶಾಲೆಗೆ ಹೋಗುತ್ತಿದ್ದಾಗಿನ ಈ ಹಳೆಯ ನೋಟ್ ಪುಸ್ತಕದಲ್ಲಿ ಬರೆದು ಹಿಟ್ಟಿನ ಪೆಟ್ಟಿಗೆಯ ತಳಕ್ಕೆ ತುರುಕುತ್ತೇನೆ. ನೀನು ಎದುರಿಗೆ ಕೂತಿದ್ದೀಯೆ ಎಂದುಕೊಂಡರೆ ಕೈ ಓಡುತ್ತದೆ. ಮೂರು ಚಳಿಗಾಲ ಶಾಲೆ ಕಂಡವಳ ಬರಹ. ತಪ್ಪಿದ್ದರೆ ನಗು, ಗಟ್ಟಿಯಾಗಿ ನಗಬೇಡ.

ಆಗಸ್ಟಿನಿಂದ ಮಗಳು ಮೈಮು ನನ್ನ ಜೊತೆಗೇ ಇದ್ದಾಳೆ. ಅವಳ ಗಂಡನಿಗೆ ನಮ್ಮ ಊರಿನ ಶಾಲೆಗೆ ವರ್ಗವಾಯಿತು. ಲೆಕ್ಕದ ಮೇಷ್ಟ್ರು. ಹುಟ್ಟಿದ್ದು ಬೆಳೆದದ್ದು ಸೈಬೀರಿಯಾದ ಯಾವುದೋ ಎಸ್ಟೋನಿಯನ್ನರ ಹಳ್ಳಿಯಲ್ಲಂತೆ. ನಮ್ಮ ಮಾತನ್ನೇ ಆಡುತ್ತಾರೆ, ಆದರೆ ರಷ್ಯನ್ನರ ರಾಗದಲ್ಲಿ. ಊರಿನವರು ಹಿಂದಿನಿಂದ ಆಡಿಕೊಳ್ಳುತ್ತಾರೆ, ನಾನೂ ಒಂದೆರಡು ಸಲ ಆಡಿಕೊಂಡಿದ್ದೇನೆ. ಮನುಷ್ಯ ಒಳಗೆ ಬಂದರೆ ಕೋಣೆಯ ಬೆಂಕಿ ಸಣ್ಣಗಾದ ಹಾಗೆ. ಹೇಳಿದ್ದಕ್ಕೆ ಹೂಂ, ಕೇಳಿದ್ದಕ್ಕೆ ಉಹೂಂ. ಅವರ ಮಗಳು ಏವಿಗೆ ಏಳು ವರ್ಷ, ಈ ವರ್ಷ ಒಂದನೆಯ ತರಗತಿ. ಅವಳೊಬ್ಬಳು ಇಲ್ಲದಿದ್ದರೆ ಈ ಮನೆಯಲ್ಲಿ ಮಾತೇ ಇರುತ್ತಿರಲಿಲ್ಲ.

ಇವತ್ತು ಕೋಲೂರಿಕೊಂಡು ಹೊಳೆಯಾಚೆಯ ಕಾಡಿಗೆ ಹೋಗಿ ಬಂದೆ. ಅಕ್ಟೋಬರಿನಲ್ಲಿ ಕರುಗಳ ಕೊಟ್ಟಿಗೆಯ ಮೆಟ್ಟಿಲಿನಲ್ಲಿ ಜಾರಿ ಬಿದ್ದಾಗಿನಿಂದ ಸೊಂಟ ಹಿಡಿತಕ್ಕೆ ಸಿಗುವುದಿಲ್ಲ. ಮರ ಮಾತ್ರ ಅಲ್ಲೇ ಇದೆ. ಸೆಪ್ಟೆಂಬರ್ ಕೊನೆಗೆ, ಮಿಹ್ಕೆಲ್ ಹಬ್ಬದ ದಿನ, ಅಪ್ಪ ಮಾಡುತ್ತಿದ್ದ ಹಾಗೆಯೇ ಕೆಂಪು ಉಣ್ಣೆಯ ದಾರ ಕಟ್ಟಿ ಬಂದಿದ್ದೆ. ದೊಡ್ಡ ಮರದ ನೆರಳಿಗೆ ಸಿಕ್ಕಿ ಹೇಗೂ ಬಾಳದ ಸಣ್ಣ ಫರ್ ಮರ, ನನ್ನ ಭುಜದೆತ್ತರ. ಕಾಡು ಈಗ ಸರಕಾರದ್ದು. ಮರಕ್ಕೆ ಅದು ಗೊತ್ತಿಲ್ಲ.

ನಿನಗೆ ನೆನಪಿರಬೇಕು. ಎಲ್ಲರೂ ನೆಲಕ್ಕೆ ಸಮನಾಗಿ ಕಡಿದರೆ ನಮ್ಮ ಮನೆಯವರು ಮಾತ್ರ ಕೆಳಗಿನ ಒಂದು ಸುತ್ತು ಕೊಂಬೆ ಬಿಟ್ಟು ಮೇಲೆ ಕಡಿಯುವುದು. ಎರಡು ಮೂರು ವರ್ಷದಲ್ಲಿ ಆ ಸುತ್ತಿನ ಒಂದು ಕೊಂಬೆ ತಾನೇ ಮೇಲೆದ್ದು ಮರವಾಗುತ್ತದೆ. ತಾತ, ಅಪ್ಪ, ಆಮೇಲೆ ನನ್ನ ಯಾಕೊಬ್. ಯಾಕೊಬ್ ಹೋದ ಈ ಒಂಬತ್ತು ವರ್ಷ ನಾನೇ. ಕ್ರಿಸ್ಮಸ್ಸಿನ ಹಿಂದಿನ ದಿನ, ಇಪ್ಪತ್ತನಾಲ್ಕರ ಬೆಳಿಗ್ಗೆ ಕಡಿದು ತರುವುದು, ಕಿಟಕಿಗೆ ಕಂಬಳಿ ಕಟ್ಟುವುದು, ಬತ್ತಿ ಹಚ್ಚುವುದು. ಯುದ್ಧದ ಚಳಿಗಾಲಗಳಲ್ಲೂ ತಪ್ಪಿಲ್ಲ.

ಡಿಸೆಂಬರ್ ೪, ಭಾನುವಾರ

ಊಟಕ್ಕೆ ಕೂತಾಗ ಮೈಮುವಿನ ಗಂಡ ಚಮಚ ಕೆಳಗಿಟ್ಟರು. ತಾವಾಗಿ ಬಾಯಿ ಬಿಟ್ಟದ್ದು ಇದೇ ಮೊದಲು.

"ಅತ್ತೆ, ಈ ಮನೇಲಿ ಮೂವತ್ತನೇ ತಾರೀಕಿಗೆ ಮುಂಚೆ ಮರ ಬೇಡ."

"ಯಾಕ್ರೀ?"

"ಶಾಲೇಲಿ ಮೀಟಿಂಗ್ ಆಯ್ತು, ದೇವರ ಹಬ್ಬ ಯಾರೂ ಮಾಡಕೂಡದಂತೆ. ಇಪ್ಪತ್ನಾಲ್ಕರ ಸಂಜೆ ಮೇಷ್ಟ್ರುಗಳು ಇಬ್ಬಿಬ್ಬರು ಸೇರಿ ಮನೆ ಮನೆ ನೋಡ್ಬೇಕು. ಕ್ರಿಸ್ಮಸ್ ಮರ ಇದೆಯಾ, ಮೇಣದಬತ್ತಿ ಹಚ್ಚಿದಾರಾ ಅಂತ. ಹೊಸ ವರ್ಷದ ಮರ ಬೇಕಾದ್ರೆ ಮೂವತ್ತರಿಂದ ಇಡಬಹುದು. ಅದಕ್ಕೆ ಯಾರ ಅಡ್ಡಿನೂ ಇಲ್ಲ."

"ಓಹೋ. ಮೂವತ್ತಕ್ಕೆ ಇಟ್ರೆ ಮರ, ಇಪ್ಪತ್ನಾಲ್ಕಕ್ಕೆ ಇಟ್ರೆ ಅಪರಾಧ. ಲೆಕ್ಕದ ಮೇಷ್ಟ್ರಲ್ವಾ, ಈ ಲೆಕ್ಕ ನನಗೂ ಬಿಡಿಸಿ ಹೇಳಿ."

ಮೈಮು ಮೇಜಿನ ಕೆಳಗೆ ನನ್ನ ಕಾಲು ಒದ್ದಳು. ಕೆಟ್ಟ ಸೊಂಟದ ಕಡೆಯ ಕಾಲನ್ನೇ ಹುಡುಕಿ ಒದ್ದಳು.

"ಸಿಕ್ಕಿಬಿದ್ರೆ ಕೆಲಸ ಹೋಗುತ್ತೆ ಅತ್ತೆ" ಎಂದರು ಆತ. "ಮೇಷ್ಟ್ರ ಮನೆಯಲ್ಲೇ ಸಿಕ್ತು ಅಂದ್ರೆ ಕೆಲಸ ಮಾತ್ರ ಅಲ್ಲ. ಈ ಜಿಲ್ಲೇಲಿ ಇನ್ಯಾವ ಶಾಲೇನೂ ನನ್ನ ಸೇರಿಸ್ಕೊಳ್ಳಲ್ಲ."

"ಈ ಮನೆ ನನ್ನದು. ಮೇಷ್ಟ್ರದ್ದಲ್ಲ."

ಅಷ್ಟಕ್ಕೇ ಎದ್ದು ಹೊರಗೆ ಸೌದೆ ಒಡೆಯಲು ಹೋದರು. ಸೌದೆ ಆಗಲೇ ಒಡೆದಾಗಿತ್ತು.

ಡಿಸೆಂಬರ್ ೬, ಮಂಗಳವಾರ

ಯಾರ ಜೊತೆಗೂ ಮಾತಿಲ್ಲ. ಕರುಗಳ ಜೊತೆ ಮಾತಾಡಿ ಬಂದೆ.

ಡಿಸೆಂಬರ್ ೧೪, ಬುಧವಾರ

ಏವಿ ಶಾಲೆಯಿಂದ ಬಂದು ಬೂಟು ಬಿಚ್ಚುತ್ತಾ ಹೇಳಿದಳು, "ಅಜ್ಜಿ, ಟೀಚರ್ ಎಲ್ರನ್ನೂ ಒಬ್ಬೊಬ್ಬರಾಗಿ ಎಬ್ಬಿಸಿ ಕೇಳಿದ್ರು, ಮನೇಲಿ ಹಬ್ಬಕ್ಕೆ ಏನೇನು ಮಾಡ್ತಿದಾರೆ ಅಂತ. ನಾನು ಅಂದೆ, ಅಜ್ಜಿ ದಿನಾ ಸಾಕ್ಸ್ ಹೆಣೀತಾರೆ, ಅಪ್ಪ ಮಾತಾಡಲ್ಲ, ಅಂತ."

ನಾನು ನಕ್ಕೆ. ಬಾಗಿಲಲ್ಲಿ ನಿಂತಿದ್ದ ಅವಳ ಅಪ್ಪ ನಗಲಿಲ್ಲ. ಮುಖ ಸುಣ್ಣದ ಹಾಗಾಗಿತ್ತು. ಮಗಳ ಎದುರು ಮಂಡಿಯೂರಿ ಕೂತು, "ಹಾಗೆ ಕೇಳಿದಾಗ ಹಿಂದುಗಡೆ ಯಾರಾದ್ರೂ ನಿಂತಿದ್ರಾ?" ಎಂದು ಕೇಳಿದರು.

"ಹೆಡ್ ಟೀಚರ್ ನಿಂತಿದ್ರು. ಬರ್ಕೋತಿದ್ರು."

ಹೆಡ್ ಟೀಚರ್ ಎಂದರೆ ಕಾಮ್ರೇಡ್ ಹೆರ್ಮೀನೆ. ಐವತ್ತರ ಹೆಂಗಸು, ಟಾರ್ಟು ಪಟ್ಟಣದ ಕಡೆಯವಳು. ಬೆನ್ನು ನೆಟ್ಟಗೆ, ಕೂದಲು ಎಳೆದು ಕಟ್ಟಿದ ಗಂಟು. ಅಂಗಡಿಯ ಸಾಲಿನಲ್ಲಿ ಅವಳು ನಿಂತರೆ ನಮ್ಮ ಹೆಂಗಸರು ಬೆಲೆ ಏರಿದ್ದನ್ನೂ ಆಡಿಕೊಳ್ಳುವುದಿಲ್ಲ.

ಸರಿ, ಮಗುವಿಗೆ ಹೇಳುವುದೇ ಬೇಡ. ಆದರೆ ಮರ ಬಿಡುವುದಿಲ್ಲ. ಇದೂ ನಿಲ್ಲಲಿ ಎಂದು ಬಿಟ್ಟರೆ ಆಮೇಲೆ ನಮ್ಮದು ಎನ್ನುವುದಕ್ಕೆ ಏನು ಉಳಿಯಿತು ಹೇಳು.

ಡಿಸೆಂಬರ್ ೨೦, ಮಂಗಳವಾರ

ಕಡಿದೆ.

ಮಧ್ಯಾಹ್ನ ಆಕಾಶ ಹೆಪ್ಪುಗಟ್ಟಿದ ಹಾಲಿನ ಹಾಗಿತ್ತು. ಸಂಜೆ ಹಿಮ ಬಂದೇ ಬರುತ್ತದೆ, ಹೆಜ್ಜೆ ಗುರುತು ಮುಚ್ಚುತ್ತದೆ ಎಂದು ಲೆಕ್ಕ ಹಾಕಿದೆ. ಇಪ್ಪತ್ತನಾಲ್ಕಕ್ಕೆ ಕಾದರೆ ಹಗಲು ತಪಾಸಣೆ ಬೇರೆ ಇದ್ದೀತು. ಮೂವರೂ ಮನೆಯಲ್ಲಿಲ್ಲದ ಹೊತ್ತು. ಕೋಲು ಒಂದು ಕೈಯಲ್ಲಿ, ಗರಗಸ ಬೆನ್ನಿಗೆ. ಹೋಗುವಾಗ ಎರಡು ಸಲ ಬಿದ್ದೆ. ಹಿಮದಲ್ಲಿ ಮಲಗಿಯೇ ಕೆಳಗಿನ ಸುತ್ತು ಬಿಟ್ಟು ಮೇಲೆ ಗರಗಸ ಎಳೆದೆ. ಕೈ ತಾನಾಗಿ ಅಲ್ಲಿಗೇ ಹೋಗುತ್ತದೆ. ಬರುವಾಗ ಎಳೆದರೆ ಗೀಟು ಬೀಳುತ್ತದೆಂದು ಹೆಗಲ ಮೇಲೆ ಹೊತ್ತೆ. ಶನಿವಾರ ಉಗಿಸ್ನಾನ ಮಾಡುವ ಉಗಿಮನೆಯ ಅಟ್ಟದ ಮೇಲೆ, ಸ್ನಾನದಲ್ಲಿ ಬೆನ್ನಿಗೆ ಹೊಡೆದುಕೊಳ್ಳುವ ಒಣಗಿದ ಬರ್ಚ್ ಸೊಪ್ಪಿನ ಕಟ್ಟುಗಳ ಹಿಂದೆ ಮಲಗಿಸಿದೆ. ಈಗ ಬೆನ್ನನ್ನು ಯಾರೋ ಬಿಚ್ಚಿಟ್ಟ ಹಾಗಿದೆ.

ಆದರೂ ಒಳಗೊಳಗೇ ಹುಡುಗಿಯ ಹಾಗೆ ಕುಣಿಯುತ್ತಿದ್ದೇನೆ. ಹೊರಗೆ ಹಿಮ ಬೀಳುತ್ತಿದೆ. ನಾನು ಹೇಳಿದ್ದೇ ಹೌದು.

ಡಿಸೆಂಬರ್ ೨೨, ಗುರುವಾರ

ಅಲ್ವೀನೆ, ನಾನೆಂಥ ದಡ್ಡಿ.

ಬ್ರೆಡ್ಡಿನ ಸಾಲಿನಲ್ಲಿ ನಿಂತಿದ್ದೆ. ಕಾಡಿನ ಗಾರ್ಡು ಯೂಲಿಯುಸ್ ಬಂದ. ಗೊತ್ತಲ್ಲ, ನಮ್ಮ ಜೊತೆಗೇ ದನ ಕಾಯ್ದವನು. ಕೆಟ್ಟವನಲ್ಲ, ಬಾಯಿಗೆ ಬಾಗಿಲಿಲ್ಲ ಅಷ್ಟೆ.

"ಏನ್ ಹೆಲ್ಮಿ, ಈ ವರ್ಷ ಬೇಗನೇ ಹಬ್ಬ ಶುರುವಾದ ಹಾಗಿದೆ?" ಎಂದ, ಇಡೀ ಸಾಲಿಗೆ ಕೇಳುವ ಹಾಗೆ.

"ಏನ್ ಹಬ್ಬನಪ್ಪ, ನನ್ನ ಸೊಂಟದ ಹಬ್ಬ."

"ಹೊಸ ವರ್ಷದ ಮರಗಳಿಗೆ ಗುರುತು ಹಾಕೋಕೆ ನಿನ್ನೆ ಹೊಳೆ ಆಚೆ ಹೋಗಿದ್ದೆ. ಯಾರೋ ಒಂದನ್ನ ಎತ್ತಿಬಿಟ್ಟಿದಾರೆ. ನೆಲಮಟ್ಟಕ್ಕಲ್ಲ, ಕೆಳಗಿನ ಒಂದು ಸುತ್ತು ಬಿಟ್ಟು! ನಿಮ್ಮಪ್ಪ ಸಮಾಧಿಯಿಂದ ಎದ್ದು ಬಂದನೇನೋ ಅಂತ ಟೋಪಿ ತೆಗೆದು ಕೈ ಮುಗಿದೆ ಕಣೇ."

ಹಳಬರೆಲ್ಲ ನಕ್ಕರು. ಯಾರ ಕೈ ಎಂದು ಎಲ್ಲರಿಗೂ ಗೊತ್ತು. ಸಾಲಿನ ಕೊನೆಯಲ್ಲಿ ಶಾಲೆಯ ಅಡುಗೆಯವಳು ನಿಂತಿದ್ದಳು, ಅವಳು ನಗಲಿಲ್ಲ. ಕಿವಿ ಮಾತ್ರ ಇತ್ತ ಇತ್ತು.

ಪ್ರತಿ ವರ್ಷ ಅವನು ಇಪ್ಪತ್ತೊಂದಕ್ಕೆ ಗುರುತು ಹಾಕಿ ಮುಗಿಸಿದ ಮೇಲೆ ನಾನು ಇಪ್ಪತ್ತನಾಲ್ಕಕ್ಕೆ ಕಡಿಯುತ್ತಿದ್ದೆ. ಬುಡ ಕಣ್ಣಿಗೆ ಬೀಳುವುದು ಹಿಮ ಕರಗಿದ ಮೇಲೆ. ಆಗ ಯಾರಿಗೆ ಬೇಕು. ಈ ಸಲ ಜಾಣತನ ಮಾಡಲು ಹೋಗಿ ಅವನಿಗಿಂತ ಒಂದು ದಿನ ಮುಂಚೆ ಕಡಿದೆ. ಅದೂ ಕಾಡಿನಲ್ಲಿ ನನ್ನ ಸಹಿ ಹಾಕಿಟ್ಟು ಬಂದ ಹಾಗೆ. ಹೆಜ್ಜೆ ಮುಚ್ಚಲು ಹಿಮಕ್ಕೆ ಕಾದವಳಿಗೆ ಬುಡದ ಯೋಚನೆಯೇ ಬರಲಿಲ್ಲ. ಅದು ಕಣ್ಣಿಗೆ ಹೊಡೆಯುತ್ತದೆ ಎಂದು ನನಗೆ ಹೊಳೆಯುವುದು ಹೇಗೆ, ನನಗೆ ಅದೇ ಅಲ್ಲವೆ ಸರಿಯಾದ ಬುಡ.

ಬ್ರೆಡ್ಡು ತೆಗೆದುಕೊಂಡೆನೋ ಇಲ್ಲವೋ ಮನೆಗೆ ಬಂದ ಮೇಲೆ ನೋಡಿಕೊಂಡೆ. ಇರಲಿಲ್ಲ.

ಡಿಸೆಂಬರ್ ೨೩, ಶುಕ್ರವಾರ

ಬೆಳಿಗ್ಗೆ ಅಳಿಯ ಶಾಲೆಗೆ ಹೊರಡುವ ಮೊದಲು ಕೊಟ್ಟಿಗೆಯ ಹತ್ತಿರ ಅಡ್ಡ ಹಾಕಿ ಎಲ್ಲ ಹೇಳಿಬಿಟ್ಟೆ. ಬೈಯಲಿ ಎಂದೇ ಹೇಳಿದ್ದು. ಬೈಗುಳ ಬಂದಿದ್ದರೆ ಹಗುರಾಗುತ್ತಿತ್ತು.

"ಗೊತ್ತು ಅತ್ತೆ, ಶಾಲೇಲಿ ಅಡುಗೆಯವಳು ಆಗಲೇ ಹೇಳ್ತಿದ್ಲು" ಎಂದರು. "ನಿನ್ನೆ ಸಂಜೆ ಕಾಡಿಗೆ ಹೋಗಿ ನೋಡ್ಕೊಂಡು ಬಂದೆ."

"ಸಮಕ್ಕೆ ಕಡಿದುಬಿಡೋಣ ಅಂತಾನಾ?"

"ಅವನು ನೋಡಿ ಆಯ್ತಲ್ಲ. ಈಗ ಕಡಿದ್ರೆ ಇನ್ನೂ ಕೆಟ್ಟದ್ದು. ಅಲ್ಲ ಅತ್ತೆ, ಆ ಸುತ್ತು ಯಾಕೆ ಬಿಡೋದು?"

ಹೇಳಿದೆ. ಒಂದು ಕೊಂಬೆ ಮೇಲೇಳುವುದನ್ನು ಕೈಯಲ್ಲೇ ತೋರಿಸಿದೆ. ತುಂಬ ಹೊತ್ತು ನನ್ನ ಕೈಯನ್ನೇ ನೋಡುತ್ತಿದ್ದರು. ಆಮೇಲೆ ಕೊಟ್ಟಿಗೆಯ ಬಾಗಿಲ ಚಿಲಕ ತೆಗೆದು ಹಾಕಿ, ತೆಗೆದು ಹಾಕಿ ಮಾಡುತ್ತಾ ಹೇಳಿದ್ದು ಇದು.

ಸೈಬೀರಿಯಾದ ಅವರ ಮನೆಯಲ್ಲೂ ಮರ ಇಡುತ್ತಿದ್ದರಂತೆ. ಮೂವತ್ತೇಳನೆಯ ಇಸವಿ, ಇವನಿಗೆ ಏಳು ವರ್ಷ. ಅಪ್ಪ ಮರದ ಪಕ್ಕ ಕೂತು ಬೈಬಲ್ ಓದಿದ್ದ. ಮಾರನೆಯ ವಾರ ಶಾಲೆಯಲ್ಲಿ ಮಕ್ಕಳನ್ನು ಒಬ್ಬೊಬ್ಬರಾಗಿ ಎಬ್ಬಿಸಿ, ಮನೆಯಲ್ಲಿ ಏನು ಮಾಡಿದಿರಿ ಎಂದು ಕೇಳಿದರಂತೆ. ಇವನು ಎದ್ದು ನಿಂತು, ಎಲ್ಲರಿಗಿಂತ ಚೆನ್ನಾಗಿ, ಒಂದೂ ಬಿಡದೆ ಹೇಳಿದನಂತೆ. ಟೀಚರ್ ಶಹಬ್ಬಾಸ್ ಎಂದರಂತೆ. ಐದನೆಯ ದಿನ ಅಪ್ಪನನ್ನು ಕರೆದುಕೊಂಡು ಹೋದರು. ಬರಲಿಲ್ಲ.

"ಏವಿಗೂ ಈಗ ಏಳು" ಎಂದ.

"ಆ ವರ್ಷ ಅಲ್ಲಿ ನಮ್ಮವರ ಹಳ್ಳಿ ಹಳ್ಳಿಯ ಗಂಡಸರನ್ನೇ ಎತ್ತಿಕೊಂಡು ಹೋದರಂತೆ. ನೀನು ಹೇಳದೇ ಇದ್ರೂ ಕರ್ಕೊಂಡು ಹೋಗ್ತಿದ್ರು ಕಣಪ್ಪ" ಎಂದೆ.

"ಇರ್ಬಹುದು. ಆದ್ರೆ ಹೇಳಿದ್ದು ನಾನು."

ಉಗಿಮನೆಯ ಕಡೆ ನೋಡಿ, "ಮರ ಸುಟ್ಟುಬಿಡ್ತೀನಿ, ಇವತ್ತೇ" ಎಂದೆ ನಾನು. ಅವನು ತಲೆಯಾಡಿಸಿದ.

"ಬೇಡ ಅತ್ತೆ. ನಾಳೆ ಶನಿವಾರ, ಉಗಿಮನೆಯ ಹೊಗೆ ಕಂಡ್ರೆ ಯಾರೂ ಏನೂ ಅನ್ನಲ್ಲ. ಅಲ್ಲೇ ಹೊರಕೋಣೇಲಿ ಇಡಿ, ಮನೇಲಿ ಬೇಡ. ಏವಿಗೆ ಶಾಲೆ ಬಿಟ್ಟು ಬರೋವರೆಗೂ ತಿಳೀಬಾರ್ದು. ಹೆರ್ಮೀನೆ ನನ್ನನ್ನ ತನ್ನ ಜೊತೆಗೇ ಹಾಕ್ಕೊಂಡಿದಾಳೆ. ನಮ್ಮ ಮನೆ ಪಟ್ಟೀಲಿ ಕೊನೇದು, ಆರೂವರೆ ಆಗುತ್ತೆ. ಆರರೊಳಗೆ ಎಲ್ಲಾ ಮುಗಿಸಿ, ಬೂದಿ ಮಾಡಿ."

ಇಷ್ಟು ಮಾತು ಇವನ ಬಾಯಿಂದ ಒಟ್ಟಿಗೆ ಕೇಳಿದ್ದೇ ಇಲ್ಲ. ಹೋಗುವಾಗ ಮಫ್ಲರ್ ಬಿಟ್ಟು ಹೋದ. ಕೂಗಿ ಕರೆದು ಕತ್ತಿಗೆ ಸುತ್ತಿ ಕಳಿಸಿದೆ. ಹೊರಗೆ ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗಿತ್ತು.

ಡಿಸೆಂಬರ್ ೨೫, ಭಾನುವಾರ

ನಿನ್ನೆ ಬರೆಯಲು ಹೊತ್ತಾಗಲಿಲ್ಲ. ಇವತ್ತು ಬೆಳಿಗ್ಗೆ ಎಲ್ಲರೂ ಇನ್ನೂ ಮಲಗಿದ್ದಾರೆ.

ನಾಲ್ಕಕ್ಕೆ ಕತ್ತಲಾಯಿತು. ಉಗಿಮನೆಯ ಒಲೆ ಕೆಂಪಗೆ ಕಾದಿತ್ತು. ಹೊರಕೋಣೆಯಲ್ಲಿ, ಬಟ್ಟೆ ಬಿಚ್ಚಿಡುವ ಬೆಂಚಿನ ಮೇಲೆ, ಮರ ನಿಲ್ಲಿಸಿದೆವು. ಅಮ್ಮನ ಕಾಲದ ತಗಡಿನ ಹಿಡಿಕೆಗಳಲ್ಲಿ ಎಂಟು ಮೇಣದಬತ್ತಿ. ಏವಿಯನ್ನು ಕಣ್ಣು ಮುಚ್ಚಿಸಿ ಕರೆತಂದೆವು. ಕಣ್ಣು ಬಿಟ್ಟವಳು ಹತ್ತಿರ ಹೋಗಿ ಒಂದು ಕೊಂಬೆಯ ತುದಿಗೆ ಮೂಗು ತಾಗಿಸಿ ನಿಂತಳು. ಮೂವರೂ ಉಸಿರಿನಲ್ಲೇ ಒಂದು ಹಾಡು ಹೇಳಿಕೊಂಡೆವು.

ಇನ್ನೂ ಐದಾಗಿರಲಿಲ್ಲ. ಮೈಮು ಸಣ್ಣ ಕಿಟಕಿಗೆ ಕಟ್ಟಿದ ಚೀಲ ಸರಿಸಿ ನೋಡಿದವಳು, "ಅಮ್ಮಾ, ಮನೇಲಿ ಬೆಳಕು" ಎಂದಳು.

ಮನೆಯ ಅಡುಗೆ ಕೋಣೆಯ ಕಿಟಕಿಯಲ್ಲಿ ಲಾಟೀನು. ನಮ್ಮ ಅಳಿಯ ಅದನ್ನು ಗಾಜಿಗೇ ಹಿಡಿದು ನಿಂತಿದ್ದ, ಅಲ್ಲಾಡದೆ. ಹುಡುಕುವವನು ಲಾಟೀನನ್ನು ಹೊರಗೆ ತೋರಿಸುತ್ತಾನೆಯೆ? ನಮಗೆ ಹಿಡಿದದ್ದು. ಹೆರ್ಮೀನೆ ಪಟ್ಟಿಯನ್ನು ತಿರುಗಿಸಿ ನಮ್ಮ ಮನೆಯಿಂದ ಶುರು ಮಾಡಿದ್ದಾಳೆ.

ಅಂಗಳ ಬೆಳ್ಳಗೆ ಹರಡಿದೆ, ಮರ ಹೊತ್ತು ಹೊರಗೆ ಹೋಗುವ ಹಾಗಿಲ್ಲ. ಇಡಿಯಾಗಿ ಒಲೆಗೆ ಹಿಡಿಯುವುದಿಲ್ಲ. ನನ್ನ ಕಣ್ಣು ಅಟ್ಟದ ಕೆಳಗೆ ನೇತಾಡುತ್ತಿದ್ದ ಬರ್ಚ್ ಸೊಪ್ಪಿನ ಕಟ್ಟುಗಳ ಮೇಲೆ ಬಿತ್ತು. ಚಕ್ಕೆ ಸೀಳುವ ಕತ್ತಿ ತೆಗೆದುಕೊಂಡು ಮರದ ಕೊಂಬೆಗಳನ್ನು ಒಂದೊಂದಾಗಿ ಕತ್ತರಿಸತೊಡಗಿದೆ. ಮೈಮು ಬಾಯಿ ತೆರೆದು ನಿಂತಳು.

"ಏನ್ ನೋಡ್ತಾ ನಿಂತಿದ್ದೀಯ? ಕಟ್ಟು! ಬೆನ್ನಿಗೆ ಹೊಡ್ಕೊಳ್ಳೋ ಕಟ್ಟು ಕಟ್ಟು!"

ಅಲ್ವೀನೆ, ಸೆಪ್ಟೆಂಬರಿನಿಂದ ಕಾದ ಮರ. ಬಿದ್ದು ಎದ್ದು ಹೆಗಲ ಮೇಲೆ ಹೊತ್ತು ತಂದದ್ದು. ಕೋಳಿ ಪುಕ್ಕ ಕಿತ್ತ ಹಾಗೆ ಕಿತ್ತೆ. ಯೋಚಿಸಲು ಹೊತ್ತಿರಲಿಲ್ಲ. ಕಾಂಡವನ್ನು ಎರಡು ತುಂಡು ಮಾಡಿ ಒಲೆಗೆ ತುರುಕಿದೆ. ಚಟಚಟ ಎಂದಿತು. ಬತ್ತಿ, ತಗಡಿನ ಹಿಡಿಕೆ ಎಲ್ಲ ನೀರಿನ ಬಕೆಟ್ಟಿಗೆ. ಏವಿಯ ಬಟ್ಟೆ ಬಿಚ್ಚಿಸಿ, "ಇದ್ರಲ್ಲಿ ಕಾಲಿಟ್ಕೊಂಡು ಕೂತ್ಕೋ, ತೆಗೀಬೇಡ" ಎಂದೆ. ಬೂಟಿನ ಸದ್ದು ಅಂಗಳ ದಾಟುತ್ತಿತ್ತು. ಹೊರಗೆ ಅವನು ಕಾಲು ಕೊಡವುತ್ತಿದ್ದ, ಎಡಗಾಲು, ಬಲಗಾಲು, ಮತ್ತೆ ಎಡಗಾಲು. ಬೂಟಿನಲ್ಲಿ ಇಡೀ ಜಿಲ್ಲೆಯ ಹಿಮ ಇದ್ದ ಹಾಗೆ.

"ಅತ್ತೇ, ಒಳಗಿದ್ದೀರಾ? ಕಾಮ್ರೇಡ್ ಹೆರ್ಮೀನೆ ಬಂದಿದಾರೆ."

"ಬೆತ್ತಲೆ ಇದ್ದೀವಿ!" ಎಂದು ಕೂಗಿದೆ.

"ನಾನೂ ಹೆಂಗಸೇ" ಎಂದಿತು ಆ ಕಡೆಯಿಂದ.

ಹೊರಬಾಗಿಲು ತೆರೆದ ಸದ್ದು. ಆಮೇಲೆ ಸುಮ್ಮನಾಯಿತು. ಬೆಂಚು, ಬಟ್ಟೆ, ಒಲೆ ನೋಡುತ್ತಿದ್ದಾಳೆ. ನೆಲದ ಮೇಲಿನ ಸೂಜಿ ಎಲೆಗಳನ್ನು ಗುಡಿಸಿದೆವೋ ಇಲ್ಲವೋ ನನಗೆ ನೆನಪಿರಲಿಲ್ಲ. ನಾನು ಬಿಸಿಕೋಣೆಯ ಹಲಗೆಯ ಮೇಲೆ ಬೋರಲು ಮಲಗಿದ್ದೆ, ಮೈಮು ಫರ್ ಕೊಂಬೆಯ ಕಟ್ಟನ್ನು ಬಿಸಿನೀರಿಗೆ ಅದ್ದಿ ಹೊಡೆಯುತ್ತಿದ್ದಳು. ಅಯ್ಯೋ ತಂಗಿ, ಮುಳ್ಳುಹಂದಿಯ ಮೇಲೆ ಹೊರಳಿದ ಹಾಗೆ! ಅರ್ಧ ನಾಟಕಕ್ಕೆ ನರಳಿದೆ, ಅರ್ಧ ನಿಜಕ್ಕೆ.

ಒಳಬಾಗಿಲು ತೆರೆಯಿತು. ಉಗಿಯ ನಡುವೆ ಕರಿ ಕೋಟು, ಕೂದಲ ಗಂಟು.

"ಬರ್ಚ್ ಸೊಪ್ಪು ಹೊರಗೆ ಬೇಕಾದಷ್ಟು ನೇತಾಡ್ತಿದೆ" ಎಂದಳು. "ಇದ್ಯಾವ ಪದ್ಧತಿ?"

ಮೈಮುವಿನ ಕೈ ಮೇಲೆ ಎತ್ತಿದ್ದು ಮೇಲೆಯೇ ನಿಂತಿತು. ಏವಿ ಬಕೆಟ್ಟಿನಲ್ಲಿ ಕಾಲಿಟ್ಟುಕೊಂಡು ಒಬ್ಬೊಬ್ಬರ ಮುಖವನ್ನೂ ನೋಡುತ್ತಿದ್ದಳು.

ಆಗ ಹೊರಬಾಗಿಲಿಂದ, ಬೆನ್ನು ತಿರುಗಿಸಿಕೊಂಡೇ ಇರಬೇಕು, ಅವನ ದನಿ ಬಂತು. ಅದೇ ರಷ್ಯದ ರಾಗ.

"ಅದು ನಮ್ಮ ಸೈಬೀರಿಯಾದ ಪದ್ಧತಿ ಕಾಮ್ರೇಡ್. ಸೊಂಟ ನೋವಿಗೆ ಫರ್ ಕೊಂಬೇಲೇ ಹೊಡೆಯೋದು, ನಮ್ಮಮ್ಮನೂ ಮಾಡ್ತಿದ್ರು. ಅತ್ತೆ ಅಕ್ಟೋಬರಿಂದ ನರಳ್ತಿದಾರೆ. ನಾನೇ ಹೇಳಿದ್ದು."

"ಕಾಡಿನಲ್ಲಿ ಕಡಿದ ಆ ಮರ?"

"ನಾನೇ ಕಡಿದೆ. ಚೀಟಿ ತಗೊಳ್ಳದೆ ಕಡಿದದ್ದು ತಪ್ಪು. ದಂಡ ಕಟ್ತೀನಿ."

"ಕೆಳಗಿನ ಸುತ್ತು ಬಿಟ್ಟು ಕಡಿಯೋದು ಸೈಬೀರಿಯಾದಲ್ಲಿ ಕಲಿತಿರಾ?"

"ಇಲ್ಲ. ಅತ್ತೆ ಹೇಳಿಕೊಟ್ಟರು. ಬುಡ ಮತ್ತೆ ಮರ ಆಗುತ್ತಂತೆ."

ಇದು ನಿಜವೇ ತಾನೆ. ಹಿಂದಿನ ದಿನವಷ್ಟೇ ಹೇಳಿಕೊಟ್ಟಿದ್ದೆ.

ಹೆರ್ಮೀನೆ ಉಗಿಯಲ್ಲೇ ನಿಂತಳು. ಕೋಟಿನ ಕಾಲರಿನಿಂದ ನೀರು ಇಳಿಯುತ್ತಿತ್ತು. ಒಂದು ಕಟ್ಟನ್ನು ಎತ್ತಿಕೊಂಡಳು. ತಿರುಗಿಸಿ ನೋಡಿದಳು. ಮೂಗಿನ ಹತ್ತಿರ ಹಿಡಿದಳು, ಹಿಡಿದೇ ಇದ್ದಳು. ಒಂದು ಕೊಂಬೆಯ ತುದಿಯಲ್ಲಿ ಬಟಾಣಿಯಷ್ಟು ಬಿಳಿ ಮೇಣ ಹೆಪ್ಪುಗಟ್ಟಿತ್ತು. ಅದು ನನಗೆ ಕಂಡಿತು. ಅವಳ ಹೆಬ್ಬೆರಳು ಅದರ ಮೇಲೆಯೇ ಇತ್ತು.

"ನನಗೂ ಸೊಂಟ ನೋವಿದೆ" ಎಂದಳು ಕೊನೆಗೆ. "ಇದು ಕೆಲಸ ಮಾಡುತ್ತಾ?"

"ಮಾ... ಮಾಡುತ್ತೆ" ಎಂದೆ. "ಬಿಸಿನೀರಲ್ಲಿ ಚೆನ್ನಾಗಿ ನೆನೆಸ್ಬೇಕು. ಇಲ್ಲದಿದ್ರೆ ನನ್ನ ಬೆನ್ನು ನೋಡಿ, ಹೀಗಾಗುತ್ತೆ."

"ಒಂದು ತಗೊಂಡು ಹೋಗ್ತೀನಿ."

ಕೋಟಿನ ಗುಂಡಿ ಬಿಚ್ಚಿ ಕಟ್ಟನ್ನು ಒಳಗೆ ಸೇರಿಸಿ ಮತ್ತೆ ಗುಂಡಿ ಹಾಕಿದಳು. ಹೊರಗೆ ಹೋಗಿ, "ಮುಂದಿನ ಮನೆ" ಎಂದದ್ದು ಕೇಳಿಸಿತು.

ಅವರ ಹೆಜ್ಜೆ ದೂರವಾದ ಮೇಲೆ ಏವಿ ಬಕೆಟ್ಟಿನಿಂದ ಕಾಲು ತೆಗೆದಳು. "ಅಜ್ಜಿ, ಮರ ಹೋಯ್ತಲ್ಲ. ಈ ವರ್ಷದ್ದು ಲೆಕ್ಕಕ್ಕೆ ಬರುತ್ತಾ?"

"ಬರುತ್ತೆ ಕಣೇ" ಎಂದೆ. "ಯಾಕೆ ಬರಲ್ಲ."

ಅಳಿಯ ವಾಂಬೊಲಾ ಎಂಟಕ್ಕೆ ಬಂದ. ಹನ್ನೊಂದು ಮನೆ ತಿರುಗಿಸಿದಳಂತೆ, ಒಂದು ಕಡೆಯೂ ಒಳಕೋಣೆಗೆ ಕಾಲಿಡಲಿಲ್ಲವಂತೆ. ಅವನಿಗೆ ರಕ್ತದ ಸಾಸೇಜು, ಹುಳಿ ಕೋಸು ಬಿಸಿ ಮಾಡಿ ಬಡಿಸಿದೆ. ನಾಲ್ಕು ತಿಂದ. ಐದನೆಯದನ್ನು ನಾನೇ ತಟ್ಟೆಗೆ ಹಾಕಿದೆ.

ಅದೇ ದಿನ, ಮಧ್ಯಾಹ್ನ

ನಾಳೆ ಸೋಮವಾರ. ಹಬ್ಬದ ಮಾರನೆಯ ಶಾಲೆ. ಮಕ್ಕಳನ್ನು ಎಬ್ಬಿಸಿ ಕೇಳಿಯೇ ಕೇಳುತ್ತಾರೆ. ನಿನ್ನೆಯದು ಮುಗಿಯಿತು ಎಂದುಕೊಂಡೆನಲ್ಲ, ಮುಗಿದಿರಲಿಲ್ಲ.

ಏವಿಯೇ ಕೇಳಿದಳು, "ಟೀಚರ್ ಕೇಳಿದ್ರೆ ಏನು ಹೇಳ್ಲಿ?"

"ಬೇಗ ಮಲಗಿದ್ವಿ ಅನ್ನು" ಎಂದಳು ಮೈಮು.

"ಬೇಡ" ಎಂದ ವಾಂಬೊಲಾ. "ಸುಳ್ಳು ಹೇಳಿಸ್ಬೇಡ."

"ಮತ್ತೆ? ಇದ್ದದ್ದೆಲ್ಲಾ ಹೇಳ್ಬೇಕಾ?" ಮೈಮುವಿನ ದನಿ ಸೀಳಿತು. "ಹಿಂದೆ ನೀನೇ..." ಎಂದವಳು ಅಲ್ಲಿಗೇ ನಿಲ್ಲಿಸಿದಳು.

ಅವನು ಮಗಳ ಜಡೆ ಬಿಚ್ಚಿ ಮತ್ತೆ ಹೆಣೆಯತೊಡಗಿದ. ಹೆಣೆಯಲು ಬರುವುದಿಲ್ಲ, ಆದರೂ ಹೆಣೆದ. "ಏವಿ, ನಿನ್ನೆ ಎಷ್ಟೋ ಆಯ್ತಲ್ಲ. ಎಲ್ಲಾ ನಿಜಾನೇ. ಅದ್ರಲ್ಲಿ ಎಲ್ಲಕ್ಕಿಂತ ನಗು ಬರಿಸೋದು ಯಾವುದೋ ಅದೊಂದನ್ನ ಹೇಳು. ಸಾಕು."

"ಒಂದೇನಾ?"

"ಒಂದೇ."

ಅವಳು ತುಟಿ ಕಚ್ಚಿ ಯೋಚಿಸಿದಳು. ಯಾವುದನ್ನು ಆರಿಸಿಕೊಂಡಳೋ ಹೇಳಲಿಲ್ಲ. ನಾವು ಯಾರೂ ಕೇಳಲಿಲ್ಲ. ಕೇಳಲು ನನಗೆ ಹೆದರಿಕೆ.

ಡಿಸೆಂಬರ್ ೨೬, ಸೋಮವಾರ

ಬೆಳಿಗ್ಗೆಯಿಂದ ಒಂದು ಕರುವಿಗೆ ಎರಡು ಸಲ ಹಾಲು ಕುಡಿಸಿ ಇನ್ನೊಂದನ್ನು ಮರೆತಿದ್ದೆ. ಮೂರಕ್ಕೆ ಅಪ್ಪ ಮಗಳು ಒಟ್ಟಿಗೆ ಬರುತ್ತಿರುವುದು ಕಂಡಿತು. ಅವನು ಟೋಪಿ ಕೈಯಲ್ಲಿ ಹಿಡಿದಿದ್ದ, ಆ ಚಳಿಯಲ್ಲಿ.

"ಟೋಪಿ ಹಾಕ್ಕೊಳ್ಳೋ! ಏನಾಯ್ತು?"

ಅವನು ಬೇಲಿ ಹಿಡಿದು ಬಗ್ಗಿ ನಿಂತ. ಅಳುತ್ತಿದ್ದಾನೆ ಎಂದುಕೊಂಡೆ. ನಗುತ್ತಿದ್ದ. ಆಗಸ್ಟಿನಿಂದ ನಗದ ಮನುಷ್ಯ, ಅಲ್ವೀನೆ, ಬೇಲಿಯ ಗೂಟ ಅಲ್ಲಾಡುವ ಹಾಗೆ ನಗುತ್ತಿದ್ದ.

ಅವನ ತರಗತಿಗೂ ಒಂದನೆಯ ತರಗತಿಗೂ ನಡುವೆ ಬರೀ ಹಲಗೆಯ ಗೋಡೆ. ಭಿನ್ನರಾಶಿ ಹೇಳಿಕೊಡುತ್ತಾ ಗೋಡೆಗೆ ಕಿವಿ ಕೊಟ್ಟಿದ್ದನಂತೆ. ಪಕ್ಕದಲ್ಲಿ ಮಕ್ಕಳು ಒಬ್ಬೊಬ್ಬರೇ ಎದ್ದು, ಮಲಗಿದ್ವಿ, ಮಲಗಿದ್ವಿ, ರೇಡಿಯೋ ಕೇಳಿದ್ವಿ, ಎಂದು ಒಪ್ಪಿಸುತ್ತಿದ್ದರಂತೆ. ಹಿಂದೆ ಹೆರ್ಮೀನೆ ಪೆನ್ಸಿಲ್ ಹಿಡಿದು ನಿಂತಿದ್ದಾಳೆ. ಏವಿಯ ಹೆಸರು ಕೂಗಿದಾಗ ಇವನ ಕೈಯ ಸೀಮೆಸುಣ್ಣ ಮುರಿಯಿತಂತೆ.

ಏವಿ ಎದ್ದು ನಿಂತು, ಪದ್ಯ ಹೇಳುವ ದನಿಯಲ್ಲಿ: "ಶನಿವಾರ ಸಂಜೆ ಅಮ್ಮ ಅಜ್ಜಿಯ ಬೆತ್ತಲೆ ಬೆನ್ನಿಗೆ ಫರ್ ಕೊಂಬೇಲಿ ಹೊಡೆದ್ರು. ಅಜ್ಜಿ ಅಯ್ಯಯ್ಯೋ ಅಂದ್ರು. ಆಮೇಲೆ ನಮ್ಮ ಹೆಡ್ ಟೀಚರ್ ಬಂದು, ನಂಗೂ ಬೇಕು ಅಂತ ಒಂದು ಕಟ್ಟು ಕೋಟೊಳಗೆ ಇಟ್ಕೊಂಡು ಹೋದ್ರು."

ನಲವತ್ತು ಕಣ್ಣು ಹಿಂದಕ್ಕೆ ತಿರುಗಿದವೆಂದು ಏವಿ ಹೇಳಿದಳು.

"ಹೌದು" ಎಂದಳಂತೆ ಹೆರ್ಮೀನೆ. "ಸೊಂಟ ನೋವಿಗೆ." ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿ, ಪುಸ್ತಕ ಮುಚ್ಚಿ, "ಇವತ್ತಿಗೆ ಇಷ್ಟು ಕೇಳಿದ್ದು ಸಾಕು. ಓದುವ ಪಾಠ ತೆಗೀರಿ" ಎಂದಳಂತೆ. ಏವಿಯ ಹಿಂದಿನ ಬೆಂಚುಗಳಲ್ಲಿ ಇನ್ನೂ ಒಂಬತ್ತು ಮಕ್ಕಳಿದ್ದರು. ಅವರನ್ನು ಯಾರೂ ಎಬ್ಬಿಸಲಿಲ್ಲ.

"ನಾನು ಒಂದೇ ಹೇಳಿದ್ದು ಅಪ್ಪ, ಸರೀನಾ?" ಎಂದು ಏವಿ ಮತ್ತೆ ಮತ್ತೆ ಕೇಳುತ್ತಿದ್ದಳು. ಅವನು ಅವಳನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡ. ಏಳು ವರ್ಷದವಳು, ಭಾರವಿದ್ದಾಳೆ. ಇಳಿಸದೆ ಮನೆಯವರೆಗೂ ಹೊತ್ತ.

ಈಗ ಅಡುಗೆ ಕೋಣೆಯಲ್ಲಿ ಕೂತು ಮೂವರೂ ಇಸ್ಪೀಟು ಆಡುತ್ತಿದ್ದಾರೆ. ವಾಂಬೊಲಾ ಮೋಸ ಮಾಡುತ್ತಾನೆ ಎಂದು ಮೈಮು ಕೂಗುತ್ತಿದ್ದಾಳೆ. ನನ್ನನ್ನೂ ಕರೆಯುತ್ತಿದ್ದಾರೆ, ಮುಗಿಸುತ್ತೇನೆ.

ನಾಳೆ ಅಂಚೆಗೆ ಹಾಕುವ ಕಾಗದದಲ್ಲಿ ಇದೊಂದೂ ಇರುವುದಿಲ್ಲ. ಹಿಮ ಇಷ್ಟು ಬಿತ್ತು, ಕರುಗಳು ಚೆನ್ನಾಗಿವೆ, ನನ್ನ ಸೊಂಟ ಈಗ ವಾಸಿ ಎಂದಷ್ಟೇ ಇರುತ್ತದೆ. ನೀನು ಓದಿ ಸುಮ್ಮನಾಗಬೇಡ ತಂಗಿ. ಸೊಂಟಕ್ಕೆ ಏನು ಔಷಧಿ ಮಾಡಿದೆ ಎಂದು ಕೇಳಿ ಒಂದು ಕಾಗದ ಹಾಕು. ಉತ್ತರ ನಮ್ಮ ವಾಂಬೊಲಾನೇ ಬರೆಯುತ್ತಾನಂತೆ, ಅವನ ಅಕ್ಷರ ದುಂಡಗಿದೆ. ತಡ ಮಾಡಬೇಡ, ಹೊಸ ವರ್ಷದ ವಾರದಲ್ಲೇ ಬರೆ.